ಜಿಪ್ಸಿಯ ಮುಂದಿನ ಆಕ್ಸಲ್: ಮುರಿದರೆ ಎಲ್ಲಿ ಮುರಿಯಬೇಕು?

1985ರಲ್ಲಿ ಬಂದ ಮಾರುತಿ ಜಿಪ್ಸಿಗೆ ಹಗುರವೇ ಬಲ. ಭಾರದ ಜೀಪುಗಳು ಹೂತು ಕೂರುವ ಕೆಸರಲ್ಲಿ ಇದು ಮೇಲೆಮೇಲೇ ದಾಟಿಬಿಡುತ್ತದೆ. ಅದರ ಮುಂದಿನ ಆಕ್ಸಲ್ ಹುಟ್ಟಿದ್ದೂ ಸುಮಾರು ಒಂದು ಟನ್ ತೂಕಕ್ಕೆ, 26 ಇಂಚಿನ ಟೈರಿಗೆ. ಸಕಲೇಶಪುರದ ತೋಟದ ಏರುಗಳಿಗೆ ಗಾಡಿ ಸಜ್ಜುಮಾಡುವವರು ಮೊದಲು ಕೈಹಾಕುವುದು ಮಾತ್ರ ಟೈರಿಗೇ. 31 ಇಂಚಿನ ಮಡ್ ಟೈರ್ ಫೋಟೋದಲ್ಲಿ ಚೆಂದ. ಕಲ್ಲಿಗೆ ಕಚ್ಚಿಕೊಂಡಾಗ ಆಕ್ಸಲ್‌ಗೆ ಬೀಳುವ ತಿರುಚು ಹೆಚ್ಚುಕಡಿಮೆ ಐದನೇ ಒಂದು ಪಾಲು ಜಾಸ್ತಿ.

ಮುರಿಯುವುದು ಸಾಮಾನ್ಯವಾಗಿ ಚಕ್ರದ ಬಳಿಯ ಬರ್ಫೀಲ್ಡ್ ಜಾಯಿಂಟ್. ಗಂಟೆಯಾಕಾರದ ಉಕ್ಕಿನ ಬಟ್ಟಲು, ಒಳಗೆ ಕೇಜಿನಲ್ಲಿ ಆರು ಗುಂಡು. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಗುಂಡುಗಳು ಬಟ್ಟಲಿನ ತುಟಿಗೆ ಸರಿಯುತ್ತವೆ. ಆಗಲೇ ಆಕ್ಸಿಲರೇಟರ್ ಒತ್ತಿದರೆ ಮೊದಲು ಟಕಟಕ ಸದ್ದು, ಆಮೇಲೆ ಒಂದೇ ಏಟು.

ಕ್ರೋಮೊಲಿ ಉಕ್ಕಿನ ಜಾಯಿಂಟ್ ಇದಕ್ಕೆ ಒಳ್ಳೆಯ ಮದ್ದು, ಅನುಮಾನವಿಲ್ಲ. ಆದರೆ ಅಲ್ಲಿಗೆ ನಿಲ್ಲಿಸಿದವರು ಏಟನ್ನು ಒಳಕ್ಕೆ ತಳ್ಳಿದಂತೆ: ಮುಂದಿನ ಸರದಿ ಆಕ್ಸಲ್ ಶಾಫ್ಟಿನದೋ ಕ್ರೌನ್‌-ಪಿನಿಯನ್ನಿನದೋ. ಅದನ್ನು ಕಾಡಿನ ನಡುವೆ ಬಿಚ್ಚುವವರು ಯಾರು? ಜಾಣರು ಕೈಯಿಂದ ಲಾಕ್ ಮಾಡುವ ಫ್ರೀವೀಲ್ ಹಬ್ಬನ್ನೇ ಫ್ಯೂಸಿನಂತೆ ಬಿಟ್ಟಿರುತ್ತಾರೆ. ಅದು ಹೋದರೆ ಹೊರಗಿನ ಬೋಲ್ಟು ಬಿಚ್ಚಿ ಬೇರೆಯದನ್ನು ಕೂರಿಸಿದರಾಯಿತು.

ಇನ್ನು, ಮುಂದಿನ ಡಿಫರೆನ್ಶಿಯಲ್ಲಿನ ಗಿಯರುಗಳನ್ನು ವೆಲ್ಡ್ ಮಾಡಿ ಎರಡೂ ಚಕ್ರ ಒಂದೇ ಮಾಡುವ ಅಗ್ಗದ ಉಪಾಯವಿದೆಯಲ್ಲ, ಅದು ಶುದ್ಧ ದಡ್ಡತನ. ತಿರುವಿನಲ್ಲಿ ಸ್ಟೇರಿಂಗ್ ಕೈಯನ್ನೇ ಎಳೆಯುತ್ತದೆ. ಉಳಿಸಬೇಕಿದ್ದ ಬರ್ಫೀಲ್ಡೇ ಮೊದಲು ಬಲಿ.

ಕಾನೂನಿನ ತಕರಾರು ಬೇರೆ. ತಯಾರಕರ ಮೂಲ ವಿನ್ಯಾಸಕ್ಕೆ ಹೊರತಾಗಿ ವಾಹನ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ ಹೇಳಿದೆ. ಒಳಗಿನ ಜಾಯಿಂಟ್ ಕಾಣದಿರಬಹುದು, ಗಾರ್ಡಿನಿಂದಾಚೆ ಚಾಚಿದ ಟೈರು ಕಾಣದೇ ಇರುತ್ತದೆಯೇ?

ವಿಚಿತ್ರವೆಂದರೆ, ದುಬಾರಿ ಉಕ್ಕು ಹಾಕಿಸಿದ ಎಷ್ಟೋ ಗಾಡಿಗಳಲ್ಲಿ ಒಳಗಿನ ಆಯಿಲ್ ಸೀಲ್ ಮಾತ್ರ ಹಳೆಯದೇ. ಅದು ಸವೆದರೆ ಡಿಫರೆನ್ಶಿಯಲ್ಲಿನ ಎಣ್ಣೆ ಬರ್ಫೀಲ್ಡ್ ಕೂತಿರುವ ನಕಲ್ ಗೂಡಿಗೆ ನುಗ್ಗಿ ಗ್ರೀಸನ್ನು ಕರಗಿಸುತ್ತದೆ. ಚಕ್ರದ ಹಿಂದಿನ ಉಕ್ಕಿನ ಗೋಳವನ್ನು ಬೆರಳಲ್ಲಿ ಒರೆಸಿದರೆ ಗೊತ್ತಾಗುತ್ತದೆ: ಕಪ್ಪಗೆ ಅಂಟಿದರೆ ಗ್ರೀಸು, ಮುಂಗೈಗೆ ಇಳಿದರೆ ಎಣ್ಣೆ.