ಈ ಕಲೆ ಎಲ್ಲಿಂದ ಬಂತು?

ಊರಿನಿಂದ ಯಾರಾದರೂ ಹೈದರಾಬಾದಿಗೆ ಬಂದರೆ ಚಾರ್‌ಮಿನಾರ್, ಗೋಲ್ಕೊಂಡ, ಸಾಲಾರ್ ಜಂಗ್ ಮ್ಯೂಸಿಯಂ ಮುಗಿದ ಮೇಲೆ ಉಳಿಯುವ ಅರ್ಧ ದಿನಕ್ಕೆ ನಮಗೆಲ್ಲ ಒಂದೇ ಗತಿ: ಮಾದಾಪುರದ ಶಿಲ್ಪಾರಾಮ. ಹೈಟೆಕ್ ಸಿಟಿಯ ಗಾಜಿನ ಕಟ್ಟಡಗಳ ಮಗ್ಗುಲಲ್ಲೇ ಇರುವ ಈ ಕರಕುಶಲ ಗ್ರಾಮದೊಳಗೆ ಒಂದು ಹಳ್ಳಿ ವಸ್ತುಸಂಗ್ರಹಾಲಯವಿದೆ. ಹುಲ್ಲಿನ ಸೂರು, ಮಣ್ಣಿನ ಗೋಡೆ, ಒಳಗೆ ಆಳೆತ್ತರದ ಗೊಂಬೆಗಳು. ಒಂದು ಕಡೆ ಕುಂಬಾರ ಗಡಿಗೆ ಮಾಡುತ್ತಿದ್ದಾನೆ, ಇನ್ನೊಂದು ಕಡೆ ನೇಕಾರ ಮಗ್ಗದ ಮುಂದೆ ಕೂತಿದ್ದಾನೆ. ಕಳೆದ ಬಾರಿ ಕೊಪ್ಪಳದ ಕಡೆಯ ನಮ್ಮೂರಿನಿಂದ ಅವ್ವ ಬಂದಾಗ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಎಲ್ಲ ಗುಡಿಸಲುಗಳನ್ನೂ ನಿಧಾನಕ್ಕೆ ನೋಡಿ, ಕೊನೆಗೆ ಒಂದು ಕಟ್ಟೆಯ ಮೇಲೆ ಕೂತು ಅಂದಳು: "ಚೊಲೊ ಕಟ್ಟ್ಯಾರ. ಆದ್ರ ಈ ಮನ್ಯಾಗ ಯಾರೂ ಒಲಿ ಹಚ್ಚಿಲ್ಲ ನೋಡು."

ನಾನು ರಜಾದಿನಗಳಲ್ಲಿ ಹಡಗಿನ ಮಾದರಿಗಳನ್ನು ಮಾಡುವವನು. ಪುಟ್ಟ ಪ್ರಮಾಣದ ಯುದ್ಧನೌಕೆಗಳನ್ನು ಜೋಡಿಸಿ, ಬಣ್ಣ ಹಚ್ಚಿ, ನೀರಿನ ಮೇಲಿರುವಂತೆ ಡಯೊರಾಮಾ ಮಾಡಿ ಇಡುವುದು ಹನ್ನೆರಡು ವರ್ಷದ ಚಟ. ಅವ್ವ ಹೇಳಿದ ಮಾತು ನಮ್ಮ ಈ ಹವ್ಯಾಸದಲ್ಲಿ ದಿನವೂ ಎದುರಾಗುವ ವಿಮರ್ಶೆಯ ಮಾತು. ಅದೇ ಅಳತೆಗೋಲು ಹಿಡಿದು ಮೊದಲು ನನ್ನದೇ ಒಂದು ಮಾದರಿಯನ್ನು, ಆಮೇಲೆ ಆ ಹಳ್ಳಿಯನ್ನು, ಕೊನೆಗೆ ವಲಸೆ ಬಂದ ನಾವು ಊರಿನ ಬಗ್ಗೆ ಬರೆಯುವುದನ್ನು ನೋಡೋಣ ಅನ್ನಿಸಿತು.

ಹಡಗಿನ ಮಾದರಿಗೆ ಬಣ್ಣ ಹಚ್ಚಿದ ಮೇಲೆ ಒಂದು ಹಂತವಿದೆ. ಅದಕ್ಕೆ ವೆದರಿಂಗ್ ಅನ್ನುತ್ತಾರೆ. ಹೊಸದಾಗಿ ಹೊಳೆಯುವ ವಸ್ತುವನ್ನು ಮಳೆ, ಬಿಸಿಲು, ಉಪ್ಪು, ಹೊಗೆ, ಕೆಲಸ ಇವೆಲ್ಲ ಮುಟ್ಟಿದಂತೆ ಮಾಡುವುದು. ತೆಳುವಾಗಿ ಕಲಸಿದ ಕಪ್ಪು-ಕಂದು ಎಣ್ಣೆಬಣ್ಣವನ್ನು ಬಿಟ್ಟರೆ ಅದು ಸಂದುಗಳಲ್ಲಿ ಹೋಗಿ ನಿಲ್ಲುತ್ತದೆ, ಅದು ವಾಷ್. ಕುಂಚವನ್ನು ಬಟ್ಟೆಗೆ ಒರೆಸಿ ಬಹುತೇಕ ಒಣಗಿಸಿ ಅಂಚುಗಳ ಮೇಲೆ ಮಾತ್ರ ಸವರಿದರೆ ಸವೆತ ಕಾಣುತ್ತದೆ, ಅದು ಡ್ರೈಬ್ರಶ್. ತುಕ್ಕಿನ ಬಣ್ಣದ ಮೇಲೆ ಹೇರ್‌ಸ್ಪ್ರೇ ಹೊಡೆದು, ಅದರ ಮೇಲೆ ಹಡಗಿನ ಬಣ್ಣ ಬಳಿದು, ಆಮೇಲೆ ನೀರು ಮುಟ್ಟಿಸಿ ಉಜ್ಜಿದರೆ ಬಣ್ಣ ಚಕ್ಕೆ ಎದ್ದ ಹಾಗೆ ಒಳಗಿನ ತುಕ್ಕು ಇಣುಕುತ್ತದೆ. ಒಂದೆರಡು ತಿಂಗಳ ಅಭ್ಯಾಸದಲ್ಲಿ ಯಾರಿಗಾದರೂ ಕೈಗೆ ಬರುವ ವಿದ್ಯೆಗಳಿವು.

ಕಷ್ಟ ಇರುವುದು ಕೈಯಲ್ಲಲ್ಲ. ಪ್ರತಿ ಕಲೆಗೂ ಒಂದು ಕಾರಣ ಬೇಕು. ಲಂಗರಿನ ಸರಪಳಿ ಹೊರಬರುವ ತೂತಿನ ಕೆಳಗೆ ತುಕ್ಕಿನ ಗೆರೆ ಇರುತ್ತದೆ, ಯಾಕೆಂದರೆ ಅಲ್ಲಿ ಕಬ್ಬಿಣ ಕಬ್ಬಿಣವನ್ನು ಉಜ್ಜಿ ಬಣ್ಣ ಹೋಗಿದೆ, ಒದ್ದೆ ಸರಪಳಿಯ ನೀರು ಸೋರಿದೆ. ಡೆಕ್ಕಿನ ನೀರು ಹೊರಹೋಗುವ ಕಿಂಡಿಗಳ ಕೆಳಗೆ ಕೊಳೆ ಇಳಿದಿರುತ್ತದೆ. ಚಿಮಣಿಯ ಬಾಯಿಯ ಸುತ್ತ ಮಸಿ. ನೀರಿನ ಮಟ್ಟದಲ್ಲಿ ಪಾಚಿಯ ಪಟ್ಟಿ, ಅದರ ಮೇಲೆ ಒಣಗಿದ ಉಪ್ಪಿನ ಬಿಳುಪು. ಹಳೇ ಮಾದರಿಗಾರರು ಹೊಸಬರ ಕೆಲಸ ನೋಡುವಾಗ ಬೆರಳಿಟ್ಟು ಕೇಳುವುದು ಒಂದೇ: ಈ ಕಲೆ ಎಲ್ಲಿಂದ ಬಂತು? ಉತ್ತರವಿಲ್ಲದ ಕಲೆ ಬರೀ ಅಲಂಕಾರ.

ಹಾಗಾಗಿ ಈ ಕೆಲಸದಲ್ಲಿ ತಪ್ಪು ಎರಡು ಬಗೆ. ಒಂದು, ಏನೂ ಹಚ್ಚದೆ ಶೋರೂಮಿನಿಂದ ತಂದ ಹಾಗೆ ಇಡುವುದು. ಇನ್ನೊಂದು, ತಂತ್ರ ಕೈಗೆ ಬಂದ ಖುಷಿಯಲ್ಲಿ ಎಲ್ಲೆಲ್ಲೂ ತುಕ್ಕು ಬಳಿಯುವುದು. ಎರಡನೆಯದಕ್ಕೆ ಚಪ್ಪಾಳೆ ಜಾಸ್ತಿ, ಆದರೆ ಅದೂ ಸುಳ್ಳೇ. ಲೆಕ್ಕ ಹಾಕಿ ನೋಡಿ. 1:700 ಪ್ರಮಾಣದಲ್ಲಿ ಒಂದು ಮಿಲಿಮೀಟರ್ ಅಂದರೆ ನಿಜದಲ್ಲಿ 70 ಸೆಂಟಿಮೀಟರ್. ಒಬ್ಬ ನಾವಿಕ ಎರಡೂವರೆ ಮಿಲಿಮೀಟರ್ ಎತ್ತರವೂ ಇರುವುದಿಲ್ಲ. ಕುಂಚದ ತುದಿಯಿಂದ ಒಂದು ಮಿಲಿಮೀಟರ್ ಅಗಲದ ತುಕ್ಕಿನ ಗೆರೆ ಎಳೆದರೆ ಅದು ಆ ನಾವಿಕ ಅಡ್ಡ ನಿಂತರೂ ಮುಚ್ಚಲಾಗದಷ್ಟು ಅಗಲ. ಜೊತೆಗೆ, ಸೇವೆಯಲ್ಲಿರುವ ಯುದ್ಧನೌಕೆಯಲ್ಲಿ ತುಕ್ಕು ಕೆರೆದು ಬಣ್ಣ ಹಚ್ಚುವುದು ಸಿಬ್ಬಂದಿಯ ನಿತ್ಯದ ಕೆಲಸ. ಅಂಥ ಹಡಗಿನ ಮೈತುಂಬ ತುಕ್ಕು ಬಳಿದವನು ನೂರಾರು ಜನರ ದುಡಿಮೆಯನ್ನು ಒರೆಸಿ ಹಾಕಿದ ಹಾಗಾಯಿತು. ದುಡಿಮೆಯ ತುಕ್ಕು ಬೇರೆ, ಅಲಕ್ಷ್ಯದ ತುಕ್ಕು ಬೇರೆ. ಕಾರವಾರದ ಟ್ಯಾಗೋರ್ ಕಡಲತೀರಕ್ಕೆ ಹೋದವರು ಐಎನ್‌ಎಸ್ ಚಾಪೆಲ್ ನೋಡಿರುತ್ತೀರಿ. 2005ರಲ್ಲಿ ನಿವೃತ್ತಿಯಾಗಿ ದಡದ ಮೇಲೆ ಸಂಗ್ರಹಾಲಯವಾಗಿ ನಿಂತ ಕ್ಷಿಪಣಿ ದೋಣಿ ಅದು. ಅಂಥ ಹಡಗಿಗೂ ಕಡಲ ಗಾಳಿ ತುಕ್ಕು ಹಿಡಿಸುತ್ತದೆ. ಆದರೆ ಅದು ಓಡಾಡಿದ ಹಡಗಿನ ತುಕ್ಕಲ್ಲ, ನಿಂತ ಕಬ್ಬಿಣದ ತುಕ್ಕು. ಮಾದರಿಗಾರನಿಗೆ ಈ ಎರಡರ ವ್ಯತ್ಯಾಸ ಗೊತ್ತಿರಬೇಕು.

ನನಗೆ ಗೊತ್ತಿದೆ ಅಂದುಕೊಂಡಿದ್ದೆ. ಮೊದಲ ವಿಕ್ರಾಂತ್ ಹಡಗಿನ ಮಾದರಿ ಮಾಡುವವರೆಗೆ. 1971ರ ಡಿಸೆಂಬರ್‌ನಲ್ಲಿ ಬಂಗಾಳ ಕೊಲ್ಲಿಯಲ್ಲಿದ್ದ ವಿಕ್ರಾಂತ್ ನನ್ನ ವಸ್ತು. 1961ರ ಮಾರ್ಚ್ 4ರಂದು ಬೆಲ್‌ಫಾಸ್ಟ್‌ನಲ್ಲಿ ನಮ್ಮ ನೌಕಾಪಡೆಗೆ ಸೇರಿದ ವಿಮಾನವಾಹಕ ನೌಕೆ, ಉದ್ದ 213 ಮೀಟರ್. 1:700ರಲ್ಲಿ ಸುಮಾರು ಮೂವತ್ತು ಸೆಂಟಿಮೀಟರ್, ಶಾಲೆಯ ಒಂದು ಅಡಿ ಪಟ್ಟಿಯಷ್ಟು. ಡೆಕ್ಕಿನ ಮೇಲೆ ವಿಮಾನದ ಟೈರುಗಳ ಕಪ್ಪು, ಎಣ್ಣೆಯ ಕಲೆ, ಮೂತಿಯ ಹತ್ತಿರ ಉಪ್ಪು, ಎಲ್ಲವನ್ನೂ ಕಾರಣ ಸಮೇತ ಹಚ್ಚಿದೆ. ಕೆಳಗೆ ಅಕ್ರಿಲಿಕ್ ಜೆಲ್‌ನಿಂದ ಸಮುದ್ರ ಮಾಡಿದೆ. ಯುದ್ಧಕ್ಕೆ ಹೊರಟ ಹಡಗು ಎಂದು ಮೂತಿಯಲ್ಲಿ ಬೆಳ್ಳಗೆ ನೊರೆ ಎಬ್ಬಿಸಿದೆ, ಎರಡೂ ಮಗ್ಗುಲಲ್ಲಿ ದೊಡ್ಡ ಅಲೆ ಎಳೆದೆ. ನೋಡಿದವರೆಲ್ಲ ಹೊಗಳಿದರು.

ತಪ್ಪಿದ್ದದ್ದು ಅಲ್ಲೇ. ಆ ಯುದ್ಧದಲ್ಲಿ ವಿಕ್ರಾಂತ್‌ನ ನಾಲ್ಕು ಬಾಯ್ಲರ್‌ಗಳಲ್ಲಿ ಒಂದು ಬಿರುಕು ಬಿಟ್ಟಿತ್ತು. ವಿನ್ಯಾಸದ ಪ್ರಕಾರ 24 ನಾಟ್‌ಗೂ ಹೆಚ್ಚು ವೇಗದಲ್ಲಿ ಹೋಗಬೇಕಾದ ಹಡಗು ಸುಮಾರು 16 ನಾಟ್‌ಗೆ ಇಳಿದಿತ್ತು. ವಿಮಾನವಾಹಕ ನೌಕೆಗೆ ವೇಗವೆಂದರೆ ಪ್ರಯಾಣದ ಮಾತಷ್ಟೇ ಅಲ್ಲ. ಗಾಳಿಗೆ ಎದುರಾಗಿ ಓಡಿದಷ್ಟೂ ವಿಮಾನಗಳು ಏರುವುದು, ಇಳಿಯುವುದು ಸುಲಭ. ಆ ಸ್ಥಿತಿಯಲ್ಲೇ ಅದನ್ನು ಪೂರ್ವಕ್ಕೆ ಕಳಿಸಿದರು. ಡಿಸೆಂಬರ್ 4ರಂದು ಅದರ ಸೀ ಹಾಕ್ ವಿಮಾನಗಳು ಕಾಕ್ಸ್ ಬಜಾರ್ ಮತ್ತು ಚಿತ್ತಗಾಂಗ್ ಮೇಲೆ ದಾಳಿ ಮಾಡಿದವು. ಅಂದರೆ ಈ ಹಡಗಿನ ನಿಜವಾದ ಕತೆ ಹೊರಗೆ ಕಾಣದ ಒಂದು ಬಿರುಕಿನ ಕತೆ. ಬಾಯ್ಲರಿನ ಬಿರುಕನ್ನು ಹೊರಮೈಗೆ ಬಳಿಯಲು ಆಗುವುದಿಲ್ಲ.

ಆದರೆ ನೀರಿನಲ್ಲಿ ತೋರಿಸಬಹುದು. ಓಡುವ ಹಡಗು ತನ್ನ ಪಕ್ಕದಲ್ಲಿ ಎಬ್ಬಿಸುವ ಅಲೆಯ ಉದ್ದ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. 24 ನಾಟ್‌ನಲ್ಲಿ ಒಂದು ಅಲೆಯ ತುದಿಯಿಂದ ಇನ್ನೊಂದರ ತುದಿಗೆ ಸುಮಾರು 98 ಮೀಟರ್, 16 ನಾಟ್‌ನಲ್ಲಿ ಸುಮಾರು 43 ಮೀಟರ್. ನನ್ನ ಮಾದರಿಯಲ್ಲಿ ಅವು 14 ಸೆಂಟಿಮೀಟರ್ ಮತ್ತು 6 ಸೆಂಟಿಮೀಟರ್. ಪೂರ್ತಿ ಶಕ್ತಿಯ ವಿಕ್ರಾಂತ್ ಆದರೆ ಅದರ ಉದ್ದಕ್ಕೆ ಎರಡೇ ದೊಡ್ಡ ಅಲೆ. ಬಿರುಕು ಬಿಟ್ಟ ಬಾಯ್ಲರಿನ ವಿಕ್ರಾಂತ್ ಆದರೆ ತಗ್ಗಾದ ಐದು ಅಲೆ. ಈ ಲೆಕ್ಕ ಕಾಲೇಜಿನಲ್ಲೇ ಗೊತ್ತಿತ್ತು. ಆದರೂ ಎರಡು ಅಲೆಯ ಸಮುದ್ರವನ್ನೇ ಮಾಡಿದ್ದೆ. ಏಕೆಂದರೆ ನನಗೆ ಬೇಕಾಗಿದ್ದದ್ದು ವಿಜಯಿ ಹಡಗು, ಕುಂಟುತ್ತ ಹೋಗಿ ಗೆದ್ದ ಹಡಗಲ್ಲ. ಮೈಮೇಲಿನ ಕಲೆಗಳಿಗೆಲ್ಲ ಕಾರಣ ಕೊಟ್ಟು, ಮುಖ್ಯವಾದ ಕಾರಣವನ್ನೇ ಬಿಟ್ಟಿದ್ದೆ. ಎರಡು ವಾರ ಕೂತು ಆ ಸಮುದ್ರವನ್ನು ಉಜ್ಜಿ ತೆಗೆದು ಮತ್ತೆ ಮಾಡಿದೆ. ಈಗ ನೋಡಿದವರು ಮೊದಲಿನಷ್ಟು ಹೊಗಳುವುದಿಲ್ಲ.

ಇದು ಬರೀ ಹವ್ಯಾಸಿಯ ಹಟ ಅನ್ನಿಸಬಹುದು. ಆದರೆ ಮೂಲ ವಿಕ್ರಾಂತ್ ಈಗ ಇಲ್ಲ. 1997ರಲ್ಲಿ ನಿವೃತ್ತಿಯಾಗಿ, ಮುಂಬೈಯಲ್ಲಿ ಕೆಲವು ವರ್ಷ ಸಂಗ್ರಹಾಲಯವಾಗಿದ್ದು, 2014ರಲ್ಲಿ ಗುಜರಿಗೆ ಹೋಯಿತು. ಅದರ ಲೋಹದ ಒಂದಿಷ್ಟು 2016ರಲ್ಲಿ ಬಂದ ಬಜಾಜ್ ವಿ ಬೈಕಿಗೆ ಸೇರಿತು. 2022ರಲ್ಲಿ ಕೊಚ್ಚಿಯಲ್ಲಿ ಸೇವೆಗೆ ಸೇರಿದ್ದು ಅದೇ ಹೆಸರಿನ ಬೇರೆ ಹಡಗು. ಹೋಲಿಸಿ ನೋಡಲು ಮೂಲ ಇಲ್ಲದಾಗ ಮಾದರಿ ಹೇಳಿದ್ದೇ ನಿಜವಾಗುತ್ತದೆ. ಆಗಲೇ ಅದು ಹೆಚ್ಚು ಎಚ್ಚರದಿಂದಿರಬೇಕು.

ಶಿಲ್ಪಾರಾಮದ ಹಳ್ಳಿಯ ವಿಷಯದಲ್ಲೂ ಇದೇ ಮಾತು. ಮಾದಾಪುರದಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಹೋಲಿಸಿ ನೋಡಲು ಬೇರೆ ಹಳ್ಳಿ ಇಲ್ಲ. ಒಳ್ಳೆಯದನ್ನು ಮೊದಲು ಹೇಳಬೇಕು. ಪ್ರಮಾಣ ಸರಿಯಿದೆ. ಆಳೆತ್ತರದ ಗೊಂಬೆಯ ಎದುರು ನಿಂತ ಮಗುವಿಗೆ ಕುಂಬಾರ ತನ್ನ ಹಾಗೇ ಮೈಕೈ ಇರುವ ಮನುಷ್ಯ ಅನ್ನುವುದು ತಿಳಿಯುತ್ತದೆ. ಕಸುಬುಗಳನ್ನು ಗಾಜಿನ ಪೆಟ್ಟಿಗೆಯಲ್ಲಿಡದೆ ಮನೆಯೊಳಗೆ ಇಟ್ಟಿದ್ದಾರೆ. ದುಡಿಯುವವರ ಮನೆಗಳನ್ನೇ ನೋಡಬೇಕಾದ ವಸ್ತುವಾಗಿ ಮಾಡಿದ್ದು ಸಣ್ಣ ಮಾತಲ್ಲ.

ಇಲ್ಲದಿರುವುದು ಬಳಕೆಯ ಗುರುತು. ಒಲೆಯ ಮೇಲಿನ ಗೋಡೆ, ಸೂರಿನ ತೊಲೆ ಮಸಿಯಿಂದ ಕಪ್ಪಾಗಿರಬೇಕಿತ್ತು. ಅವ್ವ ಮೊದಲು ಹುಡುಕಿದ್ದು ಅದನ್ನೇ. ಬಾಗಿಲ ಚೌಕಟ್ಟಿನಲ್ಲಿ ಕೈ ಇಡುವ ಎತ್ತರಕ್ಕೆ ಎಣ್ಣೆಜಿಡ್ಡು ಬೇಕಿತ್ತು. ಗೋಡೆಗೆ ಒರಗಿ ಕೂರುವಲ್ಲಿ ತಲೆಯ ಗುರುತು, ಹೊಸ್ತಿಲ ನಡುವೆ ಸವೆತ, ಬೀಸುಕಲ್ಲಿನ ಗೂಟದಲ್ಲಿ ಅಂಗೈ ಹಿಡಿದು ಹಿಡಿದು ಬಂದ ಹೊಳಪು. ಇವುಗಳನ್ನು ಕೊಳೆ ಅನ್ನಲಾಗುವುದಿಲ್ಲ. ಮನೆಯಲ್ಲಿ ಯಾರು ಎಷ್ಟು ದುಡಿದರು ಎನ್ನುವ ಲೆಕ್ಕಪುಸ್ತಕ ಇವೇ. ಅದರಲ್ಲೂ ಒಲೆ, ಬೀಸುಕಲ್ಲು, ಒರಳಿನ ಗುರುತುಗಳು ಹೆಂಗಸರವು. ಅವನ್ನು ಒರೆಸಿದರೆ ಹಳ್ಳಿಯ ಅರ್ಧ ದುಡಿಮೆಯನ್ನೇ ಒರೆಸಿದಂತೆ.

ಇನ್ನೊಂದು ಗುರುತು ಇದಕ್ಕಿಂತ ಮುಖ್ಯ. ಆ ಹಳ್ಳಿಯಲ್ಲಿ ಒಂದೇ ದಾರಿ ಹಿಡಿದು ನಡೆದರೆ ಒಂದು ಕಸುಬಿನ ಮನೆಯಿಂದ ಇನ್ನೊಂದಕ್ಕೆ ತಡೆಯಿಲ್ಲದೆ ಹೋಗಬಹುದು. ನಮ್ಮೂರಿನಲ್ಲಿ ಹಾಗೆ ಹೋಗಲು ಎಲ್ಲರಿಗೂ ಆಗುತ್ತಿರಲಿಲ್ಲ. ಕೆಲವರ ಮನೆಯ ಕಟ್ಟೆ ಕೂತು ಕೂತು ನುಣುಪಾಗಿರುತ್ತಿತ್ತು. ಆ ಕಟ್ಟೆಯ ಮುಂದೆ ಅಂಗಳದಲ್ಲಿ ನಿಂತೇ ಮಾತಾಡಿ ಹೋಗುತ್ತಿದ್ದವರ ಹೆಜ್ಜೆಯಿಂದ ನೆಲ ಮಾತ್ರ ತುಳಿಸಿಕೊಂಡಿರುತ್ತಿತ್ತು. ಸವೆತವನ್ನು ಕಾರಣ ಸಮೇತ ತೋರಿಸಲು ಹೊರಟರೆ ಯಾರು ಎಲ್ಲಿ ಕೂತರು, ಯಾರು ಎಲ್ಲಿ ನಿಂತರು ಎಂದೂ ತೋರಿಸಬೇಕಾಗುತ್ತದೆ. ಸ್ವಚ್ಛವಾದ ಮಾದರಿಗೆ ಆ ತೊಂದರೆ ಇಲ್ಲ.

ಮನೆಮಂದಿ ರಜಾದಿನ ಖುಷಿಯಾಗಿ ಕಳೆಯಲು ಬರುವ ಜಾಗದಲ್ಲಿ ಇಷ್ಟೆಲ್ಲ ಕೇಳಬಹುದೇ? ನ್ಯಾಯವಾದ ಪ್ರಶ್ನೆ. ಸಾವಿರಾರು ಜನ ಬಂದು ಹೋಗುವ ಜಾಗವನ್ನು ವರ್ಷ ವರ್ಷ ಸಾರಿಸಿ ಬಣ್ಣ ಬಳಿಯಲೇಬೇಕು. ಆದರೆ ಒಲೆಯ ಮೇಲೆ ಒಂದು ಮೊಳ ಮಸಿ ಹಚ್ಚಿದರೆ ಯಾರ ರಜೆಯೂ ಕೆಡುವುದಿಲ್ಲ. ಅದನ್ನು ನೋಡಿದ ಮಗು "ಇದೇನು?" ಎಂದು ಕೇಳುತ್ತದೆ, ಪಕ್ಕದಲ್ಲಿರುವ ಅಜ್ಜಿ ಹೇಳಲು ಶುರು ಮಾಡುತ್ತಾಳೆ.

ಶಿಲ್ಪಾರಾಮಕ್ಕೆ ಇಷ್ಟು ಹೇಳಿದ ಮೇಲೆ ನಮ್ಮ ಬರವಣಿಗೆಯನ್ನು ಬಿಡುವುದು ಸರಿಯಲ್ಲ. ವಲಸೆ ಬಂದ ನಾವು ಊರಿನ ಬಗ್ಗೆ ಬರೆಯುವಾಗಲೂ ಆ ಎರಡು ತಪ್ಪುಗಳೇ ಕಾಣುತ್ತವೆ. ಒಂದು ಬಗೆಯ ಪ್ರಬಂಧದಲ್ಲಿ ಮಾವಿನ ತೋಪು, ಅಜ್ಜಿಯ ರೊಟ್ಟಿ, ಜಾತ್ರೆ, ಎಲ್ಲ ಹೊಳೆಯುತ್ತಿರುತ್ತದೆ; ರೊಟ್ಟಿ ಬಡಿದ ಅಜ್ಜಿಯ ಮೊಣಕಾಲು ನೋವು ಇರುವುದಿಲ್ಲ. ಇನ್ನೊಂದು ಬಗೆಯ ಕತೆಯಲ್ಲಿ ಬರ, ಸಾಲ, ಕುಡಿತ, ಜಗಳ ಮೈತುಂಬ ಬಳಿದಿರುತ್ತದೆ. ನಗರದ ಓದುಗ ಅದನ್ನು ಓದಿ ವಾಸ್ತವ ಎಂದು ತಲೆದೂಗುತ್ತಾನೆ. ಆದರೆ ಆ ಸಾಲ ಯಾವ ಬೆಳೆಗೆ ಮಾಡಿದ್ದು, ಯಾರ ಹತ್ತಿರ, ಯಾವ ವರ್ಷ ಎಂದು ಕೇಳಿದರೆ ಕತೆಯಲ್ಲಿ ಉತ್ತರವಿಲ್ಲ. ನಾನೂ ಎರಡೂ ಬಗೆಯಲ್ಲಿ ಬರೆದಿದ್ದೇನೆ. ಊರು ಬಿಟ್ಟು ಇಪ್ಪತ್ತು ವರ್ಷವಾದವರಿಗೆ ಹೋಲಿಸಿ ನೋಡಲು ಮೂಲ ಕೈಗೆ ಸಿಗುವುದಿಲ್ಲ. ವರ್ಷಕ್ಕೆರಡು ಸಲ ಹೋಗಿ ನೋಡುವ ಊರು ಅದೇ ಹೆಸರಿನ ಬೇರೆ ಊರು. ಆಗ ನಮಗೆ ಬೇಕಾದ ಅಲೆಯನ್ನೇ ಎಬ್ಬಿಸಿಬಿಡುವುದು ಸುಲಭ.

ಅದಕ್ಕೇ ಆ ಹಳೇ ಪ್ರಶ್ನೆಯನ್ನು ಬರೆಯುವ ಮೇಜಿಗೂ ತಂದಿಟ್ಟುಕೊಂಡಿದ್ದೇನೆ. ಕನ್ನಡದಲ್ಲಿ ಕಲೆ ಅಂದರೆ ಎರಡೂ ಹೌದು. ಯಾವ ಕಲೆಯನ್ನು ಹಚ್ಚುವ ಮುಂಚೆಯೂ ಅದು ಎಲ್ಲಿಂದ ಬಂತು ಎಂದು ಹೇಳಲು ಬರಬೇಕು. ಬರದಿದ್ದರೆ ಗೊತ್ತಿರುವವರನ್ನು ಕೇಳಬೇಕು.

ಶಿಲ್ಪಾರಾಮದಿಂದ ಹೊರಡುವಾಗ ಅವ್ವ ಒಂದು ಗುಡಿಸಲಿನ ಗೋಡೆಯನ್ನು ಅಂಗೈಯಿಂದ ಸವರಿ, ಕೈ ತಿರುಗಿಸಿ ನೋಡಿಕೊಂಡಳು. ಏನೂ ಹತ್ತಿರಲಿಲ್ಲ. ಕಾರಿನಲ್ಲಿ ಕೂತ ಮೇಲೆ, ನಮ್ಮ ಹಳೇ ಮನೆಯ ಅಡುಗೆಕೋಣೆಯ ಗೋಡೆ ಎಲ್ಲಿಂದ ಎಲ್ಲಿಯವರೆಗೆ ಕಪ್ಪಾಗಿತ್ತು, ಯಾಕೆ ಒಂದು ಮೂಲೆ ಮಾತ್ರ ಬೆಳ್ಳಗೆ ಉಳಿದಿತ್ತು ಎಂದು ನಾನು ಕೇಳಿದೆ. ಕೊಂಡಾಪುರದ ಮನೆ ತಲುಪಿದರೂ ಅವಳು ಹೇಳಿ ಮುಗಿಸಿರಲಿಲ್ಲ.