ವಿನಾಯಿತಿ ಕಾರ್ನರ್‌ಗೆ, ಕಾರ್ನರ್ ಹೊಡೆದವನಿಗಲ್ಲ

2023ರ ಮಾರ್ಚ್‌ನಲ್ಲಿ ನಾಲ್ಕು ದಿನಗಳ ಅಂತರದಲ್ಲಿ ಬೆಂಗಳೂರು ತಂಡದ ಸುನಿಲ್ ಛೆಟ್ರಿ ಎರಡು ಗೋಲು ಹೊಡೆದರು. ಮೊದಲನೆಯದು 3ನೇ ತಾರೀಖು ಬೆಂಗಳೂರಿನ ಕಂಠೀರವದಲ್ಲಿ. ಕೇರಳ ಬ್ಲಾಸ್ಟರ್ಸ್‌ನವರು ಗೋಡೆ ಕಟ್ಟಿ ನಿಲ್ಲುವ ಮೊದಲೇ ಫ್ರೀ ಕಿಕ್ ಬಲೆಗೆ ಬಿತ್ತು. ಅವರು ಸಿಟ್ಟಿನಿಂದ ಮೈದಾನ ಬಿಟ್ಟು ನಡೆದರು. ಎರಡನೆಯದು 7ನೇ ತಾರೀಖು ನಮ್ಮ ಅಂಧೇರಿಯಲ್ಲಿ, ಮುಂಬೈ ಸಿಟಿ ವಿರುದ್ಧ. ಬದಲಿ ಆಟಗಾರರಾಗಿ ಇಳಿದ ಛೆಟ್ರಿ ಕಾರ್ನರ್‌ಗೆ ತಲೆ ಕೊಟ್ಟು ಪಂದ್ಯ ಗೆಲ್ಲಿಸಿದರು. ಎರಡೂ ನಿಂತ ಆಟ ಮತ್ತೆ ಶುರುವಾದ ಗಳಿಗೆಯಲ್ಲೇ ಬಂದ ಗೋಲುಗಳು. ಆದರೆ ಆಫ್‌ಸೈಡ್ ಕಾನೂನಿನ ಕಣ್ಣಲ್ಲಿ ಫ್ರೀ ಕಿಕ್ ಬೇರೆ, ಕಾರ್ನರ್ ಬೇರೆ. ಈ ವಾರ ಆ ವ್ಯತ್ಯಾಸದ ಬಗ್ಗೆಯೇ ಬರೆಯುತ್ತಿದ್ದೇನೆ. ಮಳೆಗಾಲ ಬಂತೆಂದರೆ ಬೈಕುಲ್ಲಾ, ಮಜಗಾಂವ್, ನಾಗ್ಪಾಡಾದ ಶಾಲಾ ಮೈದಾನಗಳಲ್ಲಿ ಹುಡುಗರ ಫುಟ್ಬಾಲ್ ಶುರು. ಅದರ ಬೆನ್ನಿಗೇ ಆಫ್‌ಸೈಡ್ ಜಗಳವೂ ಶುರು.

ಕಾನೂನಿನ ಹನ್ನೊಂದನೆಯ ನಿಯಮ ಹೇಳುವುದಿಷ್ಟು: ಗೋಲ್ ಕಿಕ್, ಥ್ರೋ-ಇನ್, ಕಾರ್ನರ್, ಈ ಮೂರರಿಂದ ಚೆಂಡು ನೇರವಾಗಿ ಬಂದರೆ ಆಫ್‌ಸೈಡ್ ಇಲ್ಲ. ಫ್ರೀ ಕಿಕ್‌ಗೆ ಈ ರಿಯಾಯಿತಿ ಇಲ್ಲ. ಕಿಕ್-ಆಫ್‌ನಲ್ಲಿ ಎಲ್ಲರೂ ತಮ್ಮ ಅರ್ಧದಲ್ಲೇ ಇರುತ್ತಾರೆ, ಪೆನಾಲ್ಟಿಯಲ್ಲಿ ಉಳಿದವರೆಲ್ಲ ಚೆಂಡಿನ ಹಿಂದೆ ಇರಬೇಕು; ಅಲ್ಲಿ ತಕರಾರು ಕಡಿಮೆ.

ಈ ಹಂಚಿಕೆಗೆ ಇತಿಹಾಸವಿದೆ. 1863ರ ಮೊದಲ ನಿಯಮಗಳಲ್ಲಿ ಚೆಂಡಿಗಿಂತ ಮುಂದಿದ್ದವರೆಲ್ಲ ಆಫ್‌ಸೈಡ್. ಗೋಲ್ ಗೆರೆಯ ಹಿಂದಿನಿಂದ ಹೊಡೆದಾಗ ಮಾತ್ರ ವಿನಾಯಿತಿ. ಥ್ರೋ-ಇನ್‌ಗೆ ವಿನಾಯಿತಿ ಸಿಕ್ಕಿದ್ದು 1920ರಲ್ಲಿ. ಆಫ್‌ಸೈಡ್ ಆಗದಿರಲು ಆಟಗಾರನಿಗೂ ಗೋಲ್ ಗೆರೆಗೂ ನಡುವೆ ಮೂವರು ಎದುರಾಳಿಗಳಿರಬೇಕು ಎಂದು ಆಮೇಲೆ ಬಂದ ಲೆಕ್ಕ ಇಬ್ಬರಿಗೆ ಇಳಿದದ್ದು 1925ರಲ್ಲಿ. 1937ರಲ್ಲಿ ಇದೇ ಮುಂಬೈಯ ರೋವರ್ಸ್ ಕಪ್ ಗೆದ್ದು ಬೆಂಗಳೂರು ಮುಸ್ಲಿಮ್ಸ್ ತಂಡ ಹೆಸರು ಮಾಡಿತಲ್ಲ, ಅವರು ಆಡಿದ್ದೂ ಈ ಇಬ್ಬರ ಲೆಕ್ಕದಲ್ಲೇ.

ವಿನಾಯಿತಿಯ ಹಿಂದಿನ ನ್ಯಾಯ ನನಗೆ ಒಪ್ಪಿಗೆ. ಚೆಂಡನ್ನು ಹೊರಗೆ ತಳ್ಳಿ ಉಸಿರಾಡಿಕೊಂಡ ತಂಡಕ್ಕೆ ಆಫ್‌ಸೈಡ್ ರಕ್ಷಣೆಯನ್ನೂ ಯಾಕೆ ಕೊಡಬೇಕು? ಫ್ರೀ ಕಿಕ್‌ನಲ್ಲಿ ಮಾತ್ರ ಅದು ಇರಲೇಬೇಕು. ಇಲ್ಲದಿದ್ದರೆ ಮಧ್ಯದ ಗೆರೆಯಲ್ಲಾದ ಸಣ್ಣ ಫೌಲ್‌ಗೂ ಐದಾರು ಜನ ಹೋಗಿ ಗೋಲ್‌ಕೀಪರ್‌ನ ಮೂಗಿನ ಮುಂದೆ ನಿಂತುಬಿಡುತ್ತಾರೆ. ಪೆನಾಲ್ಟಿ ಬಾಕ್ಸ್‌ನ ಅಂಚಿನಲ್ಲಿ ಡಿಫೆಂಡರ್‌ಗಳು ಸಾಲಾಗಿ ನಿಂತು, ಒದೆಯುವವನ ಕಾಲು ಚೆಂಡಿಗೆ ತಗಲುವ ಕ್ಷಣದವರೆಗೂ ಹಿಂದೆ ಸರಿಯದೆ ಕಾಯುವುದು ಫುಟ್ಬಾಲ್‌ನ ಅತ್ಯಂತ ಶಿಸ್ತಿನ ನೋಟಗಳಲ್ಲಿ ಒಂದು. ಆ ಸಾಲಿನಲ್ಲಿ ಒಬ್ಬನ ಹಿಮ್ಮಡಿ ಹಿಂದೆ ಉಳಿದರೂ ಎಲ್ಲರ ಶ್ರಮ ನೀರಲ್ಲಿ ಹೋಮ.

ಕಾರ್ನರ್‌ಗೆ ವಿನಾಯಿತಿ ಬೇಕೇ ಇಲ್ಲ, ಚೆಂಡು ಗೆರೆಯ ಮೇಲೇ ಇರುತ್ತದಲ್ಲ, ಅದಕ್ಕಿಂತ ಮುಂದೆ ಯಾರು ನಿಲ್ಲಲು ಸಾಧ್ಯ ಎಂದು ವಾದಿಸುವವರಿದ್ದಾರೆ. ಮೂಲೆಯ ಕಮಾನನ್ನು ಹತ್ತಿರ ಹೋಗಿ ನೋಡಿ. ಅದರ ತ್ರಿಜ್ಯ ಒಂದು ಮೀಟರ್. ಚೆಂಡನ್ನು ಅದರೊಳಗೆ ಎಲ್ಲಿ ಬೇಕಾದರೂ ಇಡಬಹುದು. ಗೋಲ್ ಗೆರೆಯಿಂದ ಮುಕ್ಕಾಲು ಮೀಟರ್ ಈಚೆಗೆ ಇಟ್ಟರೆ, ಗೋಲ್‌ಕೀಪರ್‌ಗೆ ಅಂಟಿಕೊಂಡು ಗೆರೆಯ ಮೇಲೆ ನಿಂತ ಹುಡುಗ ಚೆಂಡಿಗಿಂತ ಮುಂದಿರುತ್ತಾನೆ. ಅವನನ್ನು ಕಾಪಾಡುವುದು ಈ ವಿನಾಯಿತಿಯೇ.

ಜಗಳ ಹುಟ್ಟುವುದು ಇದರ ಮುಂದಿನ ಹೆಜ್ಜೆಯಲ್ಲಿ. ಜುಲೈ ತಿಂಗಳ ಕೆಸರು ಮೈದಾನ, ಚೆಂಡು ಒದ್ದೆಯಾಗಿ ಭಾರ, ಎತ್ತಿ ಹೊಡೆದರೆ ಬಾಕ್ಸ್ ಮುಟ್ಟುವುದಿಲ್ಲ. ಹುಡುಗ ಕಾರ್ನರನ್ನು ಹತ್ತಿರದ ಗೆಳೆಯನಿಗೆ ತಳ್ಳುತ್ತಾನೆ, ತಾನು ಬಾವುಟದ ಬಳಿಯೇ ನಿಲ್ಲುತ್ತಾನೆ. ಡಿಫೆಂಡರ್‌ಗಳು ಮುಂದೆ ಓಡಿಬರುತ್ತಾರೆ, ಕಂಬದ ಬಳಿ ನಿಂತವನೂ ಹೊರಡುತ್ತಾನೆ. ಗೆಳೆಯ ಚೆಂಡನ್ನು ಕಾರ್ನರ್ ಹೊಡೆದವನಿಗೇ ಮರಳಿಸುತ್ತಾನೆ, ಅವನು ಒಳಗೆ ಎತ್ತುತ್ತಾನೆ, ಇನ್ನೊಬ್ಬ ತಲೆಯಿಂದ ಗೋಲು ಸೇರಿಸುತ್ತಾನೆ. ಸೀಟಿ! ಗೋಲು ಇಲ್ಲ. ಕೂಡಲೇ ಬೌಂಡರಿಯಲ್ಲಿ ನಿಂತ ಅಪ್ಪಂದಿರು ರೆಫರಿಯ ಮೇಲೆ ಹರಿಹಾಯುತ್ತಾರೆ: ಕಾರ್ನರ್‌ನಲ್ಲಿ ಆಫ್‌ಸೈಡ್ ಎಲ್ಲಿದೆ ಸ್ವಾಮಿ?

ರೆಫರಿ ಹೇಳಿದ್ದೇ ಸರಿ. ವಿನಾಯಿತಿ ಮುಗಿದದ್ದು ಗೆಳೆಯ ಚೆಂಡು ಮುಟ್ಟಿದಾಗ. ಅವನು ಮರಳಿ ಒದ್ದ ಕ್ಷಣದಲ್ಲಿ ಲೆಕ್ಕ ಹೊಸದಾಗಿ ಶುರು: ಬಾವುಟದ ಬಳಿಯ ಹುಡುಗ ಚೆಂಡಿಗಿಂತಲೂ, ಕೊನೆಯಿಂದ ಎರಡನೆಯ ಎದುರಾಳಿಗಿಂತಲೂ ಗೋಲ್ ಗೆರೆಗೆ ಹತ್ತಿರ ಇದ್ದ. ಕಂಬದ ಬಳಿಯ ಡಿಫೆಂಡರ್ ಕದಲದೆ ಗೆರೆಯ ಮೇಲೇ ನಿಂತಿದ್ದರೆ ಆ ಗೋಲು ಉಳಿಯುತ್ತಿತ್ತು. ಥ್ರೋ ಎಸೆದು ಒಳಗೆ ಬಂದವನಿಗೂ ಇದೇ ಮಾತು. ಗೋಲ್‌ಕೀಪರ್ ಚೆಂಡನ್ನು ನೆಲದಲ್ಲಿಟ್ಟು ಗೋಲ್ ಕಿಕ್ ಹೊಡೆದರೆ ಮುಂದಿರುವ ಫಾರ್ವರ್ಡ್ ನಿರಾತಂಕ. ಅದೇ ಗೋಲ್‌ಕೀಪರ್ ಕೈಯಲ್ಲಿ ಹಿಡಿದ ಚೆಂಡನ್ನು ಒದ್ದರೆ ಅದು ಗೋಲ್ ಕಿಕ್ ಅಲ್ಲ, ಆಫ್‌ಸೈಡ್ ಇದ್ದೇ ಇದೆ.

ಇಷ್ಟಾಗಿಯೂ ನಮ್ಮ ಶಾಲಾ ತಂಡಗಳು ಈ ವಿನಾಯಿತಿಗಳನ್ನು ಬಳಸಿಕೊಳ್ಳದೇ ಇರುವುದು ನನಗೆ ನಿಜಕ್ಕೂ ಬೇಸರದ ಸಂಗತಿ. ಥ್ರೋ ಸಿಕ್ಕಾಗ ಡಿಫೆಂಡರ್‌ಗಳ ಬೆನ್ನ ಹಿಂದೆ ಹೋಗಿ ನಿಲ್ಲುವ ಹುಡುಗ ಒಬ್ಬನೂ ಕಾಣುವುದಿಲ್ಲ. ಆಫ್‌ಸೈಡ್ ಭಯ ಅಷ್ಟು ಆಳಕ್ಕೆ ಇಳಿದಿದೆ. ಕೋಚ್‌ಗಳೇ, ಒಂದು ಸಂಜೆಯ ಅಭ್ಯಾಸವನ್ನು ಇದಕ್ಕೆಂದೇ ಇಡಿ. ಅಪ್ಪಂದಿರೇ, ಮುಂದಿನ ಶಾರ್ಟ್ ಕಾರ್ನರ್‌ಗೆ ಗೋಲಿನ ಮುಂದಿನ ಗುಂಪನ್ನು ನೋಡಬೇಡಿ. ಕಾರ್ನರ್ ಹೊಡೆದವನು ಎಲ್ಲಿ ನಿಂತಿದ್ದಾನೆ ಎಂದು ನೋಡಿ, ಆಮೇಲೆ ರೆಫರಿಯ ಜೊತೆ ಮಾತಾಡಿ.