ಬಣ್ಣ ಹಚ್ಚದೆ ಬಿಟ್ಟ ಬೆಳಕು

ಜಾರ್ಜಿಯಾ ಓಕೀಫ್ ಅಂದ ತಕ್ಷಣ ನೆನಪಾಗೋದು ಆಕೆಯ ದೊಡ್ಡ ದೊಡ್ಡ ಹೂವುಗಳು. ಪೋಸ್ಟರು, ಕ್ಯಾಲೆಂಡರು, ಕಾಫಿ ಮಗ್ಗು, ಎಲ್ಲೆಲ್ಲೂ ಅವೇ. 2014ರಲ್ಲಿ ಅಂಥದ್ದೊಂದು ಹೂವು 4.4 ಕೋಟಿ ಡಾಲರಿಗೆ ಹರಾಜಾಯ್ತು. ಆದರೆ ಈಕೆಯನ್ನ ನೋಡೋಕೆ ಶುರು ಮಾಡಬೇಕಾದ್ದು 1917ರ ಮೂರು ಪುಟ್ಟ ಜಲವರ್ಣಗಳಿಂದ ಅನ್ನೋದು ನನ್ನ ಹಟ. ಹೆಸರು 'ಲೈಟ್ ಕಮಿಂಗ್ ಆನ್ ದ ಪ್ಲೇನ್ಸ್', ಅಂದರೆ ಬಯಲ ಮೇಲೆ ಬೆಳಕು ಬರ್ತಿರೋದು.

ಆಗ ಆಕೆಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಟೆಕ್ಸಸ್‌ನ ಕ್ಯಾನ್ಯನ್ ಎಂಬ ಸಣ್ಣ ಊರಲ್ಲಿ, ಶಿಕ್ಷಕರನ್ನು ತಯಾರು ಮಾಡುವ ಕಾಲೇಜೊಂದರಲ್ಲಿ ಚಿತ್ರಕಲೆ ಕಲಿಸುವ ನೌಕರಿ. ಊರಾಚೆ ಕಣ್ಣು ಹಾಯುವಷ್ಟೂ ಚಪ್ಪಟೆ ಬಯಲು. ಚಿತ್ರ ಬರೆದದ್ದು ನ್ಯೂಸ್‌ಪ್ರಿಂಟ್ ಹಾಳೆಯ ಮೇಲೆ. ಅಳತೆ ಹೆಚ್ಚುಕಮ್ಮಿ ನಮ್ಮ ಎ4 ಕಾಗದದಷ್ಟೇ.

ಚಿತ್ರದಲ್ಲಿರೋದು ಬಹಳ ಕಡಿಮೆ. ತಳದಲ್ಲಿ ನೆಲದ ಒಂದು ಗಾಢ ಪಟ್ಟಿ. ಅದರ ಮೇಲೆ ಗುಮ್ಮಟದಂತೆ ಎದ್ದ ಆಕಾಶ, ಒಳಗೆ ತೆಳುವಾಗಿ, ಹೊರಗೆ ಹೋದಂತೆ ದಟ್ಟವಾಗುವ ನೀಲಿ. ಸೂರ್ಯ ಇಲ್ಲ. ಸೂರ್ಯೋದಯ ಅಂದಕೂಡಲೇ ಎಲ್ಲರೂ ಬಳಿಯುವ ಕೇಸರಿಯೂ ಇಲ್ಲ. ನೆಲ, ಆಕಾಶ ಸೇರೋ ಕಡೆ ಗೆರೆಯಷ್ಟು ಕಾಗದವನ್ನ ಹಾಗೇ ಬಿಟ್ಟಿದ್ದಾಳೆ. ಬೆಳಕು ಅದೇ.

'ಇಷ್ಟೇನಾ? ಇದನ್ನ ನಾನೂ ಮಾಡ್ತೀನಿ' ಅನ್ನಬಹುದು. ಮಾಡಿ ನೋಡಿ. ಎಣ್ಣೆ ಬಣ್ಣದಲ್ಲಿ ತಪ್ಪಿದರೆ ಮೇಲೆ ಇನ್ನೊಂದು ಪದರ ಹಚ್ಚಬಹುದು. ಜಲವರ್ಣದಲ್ಲಿ ಬಿಳಿಯನ್ನ ಕೊನೆಯಲ್ಲಿ ಸೇರಿಸೋಕಾಗಲ್ಲ, ಮೊದಲಿಂದಲೇ ಕಾಪಾಡಿಕೊಳ್ಳಬೇಕು. ಒದ್ದೆ ಬಣ್ಣ ಒಮ್ಮೆ ಅಲ್ಲಿಗೆ ಹರಿದರೆ ಮುಗೀತು. ಎಲ್ಲಿ ಕೈ ಇಡಬಾರದು ಅನ್ನೋದು ಕುಂಚ ಹಿಡಿಯೋ ಮೊದಲೇ ಗೊತ್ತಿರಬೇಕು. ಅದನ್ನೇ ಮೂರು ಸಲ ಮಾಡಿದ್ದಾಳೆ. ಸುಮ್ಮನೆ ಕೈಕೂಡಿ ಬಂದದ್ದಾಗಿದ್ದರೆ ಒಂದು ಸಾಕಿತ್ತು.

ಹೂವುಗಳಲ್ಲಿ ನೋಡುಗರನ್ನ ತಡೆದು ನಿಲ್ಲಿಸುವ ಹಟವಿದೆ. ಇಲ್ಲಿ ಯಾರನ್ನೂ ಕರೆಯುವ ಆತುರವಿಲ್ಲ. ಬೆಳಗಾಗೋದನ್ನ ಒಬ್ಬಳೇ ನಿಂತು ನೋಡಿದವಳ ಚಿತ್ರ ಇದು. ಆ ಧೈರ್ಯ ನನಗೆ ಹೂವುಗಳಿಗಿಂತ ದೊಡ್ಡದು.

ಮೂರೂ ಈಗ ಫೋರ್ಟ್ ವರ್ತ್‌ನ ಏಮನ್ ಕಾರ್ಟರ್ ಮ್ಯೂಸಿಯಂನಲ್ಲಿವೆ. ವಿಪರ್ಯಾಸ ನೋಡಿ, ನ್ಯೂಸ್‌ಪ್ರಿಂಟ್‌ಗೆ ಬೆಳಕೇ ಶತ್ರು. ಬಿದ್ದಷ್ಟೂ ಹಳದಿಯಾಗುತ್ತೆ, ಪುಡಿಯಾಗುತ್ತೆ. ನಾವು ಬಹುಪಾಲು ಜನ ಇವನ್ನ ನೋಡೋದು ಫೋನಲ್ಲೇ. ಹಾಗೆ ನೋಡುವಾಗ ಬ್ರೈಟ್‌ನೆಸ್ ಕಡಿಮೆ ಮಾಡಿಕೊಳ್ಳಿ. ಇಲ್ಲದಿದ್ದರೆ ಹೊಳೆಯೋದು ಸ್ಕ್ರೀನು, ಆಕೆ ಬಿಟ್ಟ ಕಾಗದ ಅಲ್ಲ.